ಮೂವತ್ತೆಂಟು ಸುತ್ತು

ನನ್ನ ಕಂಪ್ಯೂಟರಿನಲ್ಲಿ ಮೂರು ಫೈಲುಗಳಿವೆ. ಒಂದರ ಹೆಸರು ‘ಇವತ್ತು’, ಇನ್ನೊಂದರದು ‘ಬಾಕಿ’, ಮೂರನೆಯದು ‘ಮುಗಿದದ್ದು’. ಬಣ್ಣ, ಚಿತ್ರ, ಗೆರೆ ಏನೂ ಇಲ್ಲದ ಬರೀ ಅಕ್ಷರದ ಫೈಲುಗಳು. ಬೆಳಿಗ್ಗೆ ಬಿಪಿ ಗುಳಿಗೆ ನುಂಗಿದ ಕೂಡಲೇ ಆ ಸಾಲಿನ ಮುಂದೆ ಒಂದು ಗುಣಾಕಾರದ ಗುರುತು ಹಾಕುತ್ತೇನೆ. ಸಂಜೆ ಹಾಗೆ ಗುರುತಾದ ಸಾಲುಗಳನ್ನೆಲ್ಲ ಎತ್ತಿ ‘ಮುಗಿದದ್ದು’ ಫೈಲಿಗೆ ಹಾಕುತ್ತೇನೆ. ಗ್ಯಾಸ್ ಬುಕ್ ಮಾಡುವುದು, ಕನ್ನಡಕದ ಕಾಲು ಸರಿಮಾಡಿಸುವುದು, ಪಿಂಚಣಿಗಾಗಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಎಂದು ತೋರಿಸಿ ಬರುವುದು, ಎಲ್ಲವೂ ಹೀಗೆ ಒಂದು ಫೈಲಿನಿಂದ ಇನ್ನೊಂದಕ್ಕೆ ಸಾಗುತ್ತವೆ. ‘ಬಾಕಿ’ಯಲ್ಲಿ ಮಾತ್ರ ಒಂದು ಸಾಲು ನಾಲ್ಕು ತಿಂಗಳು ಅಲ್ಲಾಡದೆ ಕೂತಿತ್ತು. “ಸಂಡೂರಿಗೆ ಹೋಗಿ ಹೇಳಬೇಕು.”

ಈ ಪದ್ಧತಿ ನನ್ನದಲ್ಲ. ಯಾರು ಹೀಗೆ ಬರೆದಿಡುವುದನ್ನು ನೋಡಿ ನೋಡಿ ನಾನು ಹೊಟ್ಟೆ ಉರಿದುಕೊಂಡೆನೋ, ಯಾರಿಗೆ ಆ ಬರವಣಿಗೆಯಿಂದಲೇ ಕೆಟ್ಟ ಹೆಸರು ತಂದೆನೋ, ಅವನದು. ಆ ವಿಷಯ ಬರೆದಿಡಲು ಕೂತಿದ್ದೇನೆ.

ನಾನು ಹೊಸಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮೇಸ್ತ್ರಿಯಾಗಿದ್ದವನು. ಹೈಸ್ಕೂಲು ಮುಗಿಸಿ ಸೇರಿದ ಅಂಗಡಿಯಲ್ಲೇ ತಲೆ ಹಣ್ಣಾಯಿತು. ಹೊಲಕ್ಕೆ ನೀರೆತ್ತುವ ಮೋಟಾರು ಸುಟ್ಟರೆ ಅದರೊಳಗಿನ ತಾಮ್ರದ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ ಕೊಡುವುದು ನಮ್ಮ ಕೆಲಸ. ಪ್ರತಿ ಮೋಟಾರಿಗೂ ಅದರದೇ ಲೆಕ್ಕವಿರುತ್ತದೆ. ತಂತಿ ಎಷ್ಟು ದಪ್ಪ, ಅಂದರೆ ಯಾವ ಗೇಜು, ಒಂದು ಕಾಯಿಲಿಗೆ ಎಷ್ಟು ಸುತ್ತು. ಸುಟ್ಟ ಕಾಯಿಲನ್ನು ಕತ್ತರಿಸಿ ಎಳೆಗಳನ್ನು ಎಣಿಸಿದಾಗ ಅದು ಗೊತ್ತಾಗುತ್ತದೆ. ಸುತ್ತು ಹೆಚ್ಚಾದರೆ ಮೋಟಾರಿಗೆ ಕಸುವು ಇರುವುದಿಲ್ಲ. ಕಡಿಮೆಯಾದರೆ ಕಾದು ಮತ್ತೆ ಸುಡುತ್ತದೆ.

ಆ ಲೆಕ್ಕವೆಲ್ಲ ನನ್ನ ತಲೆಯಲ್ಲಿತ್ತು. ಹಂಪಿ ಕಡೆಯ ಬಾಳೆತೋಟದವನು ನಾಲ್ಕು ವರ್ಷದ ಮೇಲೆ ಅದೇ ಮೋಟಾರು ಹೊತ್ತು ತಂದು, “ಮೇಸ್ತ್ರಿ, ನಮ್ಮದು ನೆನಪೈತೇನ್ರಿ?” ಎಂದರೆ, ನಾನು ತಲೆ ಎತ್ತದೆ, “ಇಪ್ಪತ್ತನೇ ಗೇಜು, ನಲವತ್ತನಾಕು ಸುತ್ತು. ಬೇರಿಂಗ್ ಹಾಕಸ್ಕೋ ಅಂದಿದ್ದೆ, ಕೇಳಲಿಲ್ಲ ನೀನು” ಎನ್ನುತ್ತಿದ್ದೆ. ಅವನು ಬೆರಗಾಗಿ ಪಕ್ಕದವನ ಮುಖ ನೋಡುತ್ತಿದ್ದ. “ನಮ್ಮ ಮೇಸ್ತ್ರಿ ತಲಿ ಅಂದ್ರ ಗೋಡೌನು” ಎಂದು ಅಂಗಡಿಯ ಸಾವ್ಕಾರರು ಗಲ್ಲಾದ ಹಿಂದೆ ಕೂತೇ ಹೇಳುತ್ತಿದ್ದರು. ಆ ಮಾತು ಕೇಳಲಿಕ್ಕೆಂದೇ ನಾನು ಎಷ್ಟೋ ಸಲ ಸ್ವಲ್ಪ ತಡೆದು ಉತ್ತರ ಕೊಟ್ಟದ್ದುಂಟು.

ಅವನು ನಮ್ಮ ಅಂಗಡಿಗೆ ಬಂದಾಗ ನನಗೆ ಐವತ್ತೈದು ದಾಟಿತ್ತು, ಅವನಿಗೆ ಮೂವತ್ತರ ಮೇಲೆ. ಸಂಡೂರು ತಾಲೂಕಿನ ವಡ್ಡು ಎಂಬ ಊರಿನವನು. ದಿನಾ ಬಸ್ಸಿಗೆ ಬಂದುಹೋಗುತ್ತಿದ್ದ. ಬುದ್ಧನನ್ನು ನಂಬಿದ ಮನೆ. ಅಪ್ಪ ಅವ್ವ ಕಂಡವರ ಹೊಲದಲ್ಲಿ ದುಡಿದು ಅವನನ್ನು ಐಟಿಐ ಓದಿಸಿದ್ದರು. ಕೆಲಸ ಕಚ್ಚಾ ಏನಲ್ಲ. ಆದರೆ ಅವನು ಬಂದ ವಾರದಲ್ಲೇ ಚೀಲದಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ತೆಗೆದು, ವಾರ್ನಿಷ್ ಡಬ್ಬಿಗಳ ಪಕ್ಕದ ಕಟ್ಟೆಯ ಮೇಲೆ ಹಳೆ ಬನಿಯನ್ನು ಹಾಸಿ ಇಟ್ಟ. ಅದರ ಒಂದು ಮೂಲೆಗೆ ಸುತ್ತಿಗೆ ಏಟು ಬಿದ್ದಂತೆ ಬಿರುಕಿತ್ತು.

“ಇದ್ಯಾಕಪಾ ಇಲ್ಲಿ? ಸಿನಿಮಾ ನೋಡಾಕೇನು?” ಎಂದೆ.

“ಮರೀತೀನ್ರಿ ಅಣ್ಣಾ ನಾನು. ಬರದಿಟ್ಟಕಂತೀನಿ.”

“ಬರಿಯಾಕ ಡೈರಿ ಇಲ್ಲೇನು?”

“ಡೈರಿಗೆ ಎಣ್ಣಿ ಹತ್ತತೈತ್ರಿ. ಮೊದ್ಲು ಫೋನಿನ್ಯಾಗ ಒಂದು ಆ್ಯಪ್ ಇತ್ತು, ಬಣ್ಣಬಣ್ಣದ್ದು. ಒಂದಿನ ಅದು ಮುಚ್ಚಿಹೋತು, ನಾ ಬರದದ್ದೆಲ್ಲ ಅದರ ಜೋಡಿ ಹೋತು. ಅವಾಗಿಂದ ಬರೇ ಅಕ್ಷರ. ಇದು ಯಾವ ಕಂಪ್ಯೂಟರಿನ್ಯಾಗರ ತೆರಿತೈತಿ, ನಾಳೆ ಸೈತ ತೆರಿತೈತಿ.”

ಅವನ ಏರ್ಪಾಟು ಹೀಗಿತ್ತು. ಒಂದು ಮೋಟಾರಿಗೆ ಒಂದು ಫೈಲು. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು. ಹಾಗೆ ಇಟ್ಟರೆ ಅವು ತಾವೇ ಸಾಲಾಗಿ ನಿಲ್ಲುತ್ತವಂತೆ. ಒಳಗೆ ಐದಾರು ಸಾಲು: ಗೇಜು, ಸುತ್ತು, ಬೇರಿಂಗ್ ನಂಬರು, ಯಾಕೆ ಸುಟ್ಟಿತು, ರೈತನಿಗೆ ಏನು ಹೇಳಿದೆವು. ಇದಲ್ಲದೆ ನಾನು ಆಗಲೇ ಹೇಳಿದ ಆ ಮೂರು ಫೈಲುಗಳು. ಮುಗಿದ ಕೆಲಸವನ್ನು ಅಳಿಸಬಾರದು ಎಂಬುದು ಅವನ ನಿಯಮ. ಗುರುತು ಹಾಕಿ ಸಾಗಿಸಬೇಕು, ಅಷ್ಟೆ.

ಮೊದಲ ತಿಂಗಳು ನಾನು ಅವನನ್ನು ಆಡಿಕೊಂಡೆ. ಎರಡನೆಯ ತಿಂಗಳಲ್ಲಿ ಕಂಪ್ಲಿಯ ಅಕ್ಕಿ ಮಿಲ್ಲಿನವರೊಬ್ಬರು ಬಂದು, ಹೋದ ವರ್ಷ ತಮ್ಮ ಎರಡು ಮೋಟಾರುಗಳಲ್ಲಿ ಯಾವುದಕ್ಕೆ ಯಾವ ಬೇರಿಂಗ್ ಹಾಕಿದಿರಿ ಎಂದು ಕೇಳಿದರು. ನಾನು ಯೋಚಿಸುತ್ತ ನಿಂತೆ. ಅವನು ಹಳೆಯ ಬಿಲ್ಲುಗಳನ್ನೆಲ್ಲ ಊಟದ ಹೊತ್ತಿನಲ್ಲಿ ಕೂತು ಟೈಪು ಮಾಡಿಟ್ಟಿದ್ದನಂತೆ. ಎರಡು ಗುಂಡಿ ಒತ್ತಿ ಹೇಳಿಬಿಟ್ಟ. ಸಾವ್ಕಾರರು ಗಲ್ಲಾದಿಂದ ಎದ್ದು ಬಂದು ಪರದೆ ನೋಡಿದರು. ನನಗಾಗಿ ಅವರು ಯಾವತ್ತೂ ಎದ್ದು ಬಂದಿರಲಿಲ್ಲ.

ಅಲ್ಲಿಂದ ಶುರುವಾಯಿತು. ಹೊಟ್ಟೆಕಿಚ್ಚು ಎಂದು ಜನ ಯಾಕೆ ಅನ್ನುತ್ತಾರೆಂದು ನನಗೆ ಆವಾಗ ತಿಳಿಯಿತು. ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ, ಉಂಡ ಅನ್ನದ ಪಕ್ಕದಲ್ಲಿ. ಅವನ ಬೆರಳು ಗುಂಡಿಗಳ ಮೇಲೆ ಟಕಟಕ ಎನ್ನುವ ಸದ್ದು ಕೇಳಿದರೆ ನನ್ನ ಕೈಯ ಸುತ್ತಿನ ಎಣಿಕೆ ತಪ್ಪುತ್ತಿತ್ತು. ರೈತರು ಅಂಗಡಿಯೊಳಗೆ ಕಾಲಿಟ್ಟು ಮೊದಲು ಯಾರ ಕಡೆ ನೋಡುತ್ತಾರೆಂದು ಕಾಯುತ್ತಿದ್ದೆ. ನನ್ನ ಕಡೆ ನೋಡಿದರೆ ಆ ದಿನ ಊಟ ರುಚಿಸುತ್ತಿತ್ತು. ಅವನಿಗೆ ಗೊತ್ತಾಗದ ಹಾಗೆ ನಾನೂ ಒಂದು ನೂರು ಪುಟದ ನೋಟ್‌ಬುಕ್ ತಂದು ಬರೆಯತೊಡಗಿದೆ. ಹದಿನೈದು ದಿನಕ್ಕೆ ಅದರಲ್ಲಿ ಏನು ಎಲ್ಲಿದೆ ಎಂದು ನನಗೇ ಸಿಗದೆ, ರದ್ದಿಗೆ ಎಸೆದೆ.

ಇನ್ನೊಂದು ಮಾತನ್ನು ಇಲ್ಲೇ ಒಪ್ಪಿಕೊಳ್ಳಬೇಕು. ನಮ್ಮದು ಈ ಊರಿನ ಹಳೇ ಶೈವ ಮನೆ. ಅವನು ನಮ್ಮವರಲ್ಲೇ ಒಬ್ಬನಾಗಿದ್ದರೆ, ನಮ್ಮ ಓಣಿಯವನಾಗಿದ್ದರೆ, ನನಗೆ ಇಷ್ಟು ಉರಿಯುತ್ತಿತ್ತೇ? ಹುಡುಗ ಚುರುಕು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆನೇನೋ. ಈ ಪ್ರಶ್ನೆಗೆ ನನಗೆ ಉತ್ತರ ಗೊತ್ತು. ಬಾಯಿ ಬಿಟ್ಟು ಹೇಳಲು ನಾಚಿಕೆಯಾಗುತ್ತದೆ.

ಆ ವರ್ಷ ನನ್ನ ಮಗಳ ಮದುವೆಯಾಯಿತು. ಸಾವ್ಕಾರರೇ ಅವನಿಗೆ, “ಮೇಸ್ತ್ರಿ ಮಗಳ ಮದುವಿ ಕೆಲಸಾನೂ ನಿನ್ನ ಡಬ್ಬಿಯಾಗ ಬರದುಬಿಡು” ಎಂದರು. ಅವನು ನನ್ನ ಹೆಂಡತಿಯ ಹತ್ತಿರ ಕೂತು, ಹೂವಿನವನಿಗೆ ಹೇಳುವುದರಿಂದ ಹಿಡಿದು ಜನರೇಟರಿಗೆ ಡೀಸೆಲ್ ಹಾಕುವವರೆಗೆ ಸಾಲುಸಾಲಾಗಿ ಬರೆದು, ಪ್ರಿಂಟು ತೆಗೆಸಿ ತಂದ. ಮದುವೆಯಲ್ಲಿ ಒಂದು ಕೆಲಸ ತಪ್ಪಲಿಲ್ಲ. ಬೀಗರು ಹುಡುಗಿಯನ್ನು ಹೊಗಳುವುದಕ್ಕಿಂತ ಆ ಹಾಳೆಯನ್ನು ಹೆಚ್ಚು ಹೊಗಳಿದರು. “ಅದೇನ್ರೀ, ಕಲ್ಯಾಣಮಂಟಪ ಗಡಿಯಾರ ಓಡಿದಂಗ ಓಡತಿತ್ತು” ಎಂದು ನನ್ನ ಹೆಂಡತಿ ವಾರಗಟ್ಟಲೆ ಹೇಳಿದಳು.

ಮದುವೆಯ ಮರುದಿನ ಕಸದ ನಡುವೆ ಆ ಹಾಳೆ ಸಿಕ್ಕಿತು. ಎಲ್ಲ ಸಾಲಿಗೂ ಪೆನ್ನಿನ ಗುರುತು. ಕೆಳಗೆ ಒಂದು ಸಾಲಿತ್ತು: “ಎರಡನೇ ಪಂಕ್ತಿಯೊಳಗೆ ಮೇಸ್ತ್ರಿ ಅಣ್ಣ ಉಂಡರೇ ನೋಡಬೇಕು.” ಅದಕ್ಕೂ ಗುರುತು ಬಿದ್ದಿತ್ತು. ನಿಜ, ಅವನೇ ಬಂದು ನನ್ನ ತೋಳು ಹಿಡಿದು, “ಬರ್ರಿ, ಕುಂದ್ರಿ” ಎಂದು ಎಲೆಯ ಮುಂದೆ ಕೂರಿಸಿದ್ದ. ಬೇರೆ ಯಾರಾದರೂ ಅದನ್ನು ಓದಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ, ನನ್ನ ಹಸಿವು ಕೂಡ ಇವನ ಪಟ್ಟಿಯಲ್ಲಿ ಒಂದು ಸಾಲಾಯಿತಲ್ಲ ಎಂದು ಸಿಟ್ಟು ಬಂತು. ಹಾಳೆಯನ್ನು ಮುದ್ದೆ ಮಾಡಿ ಎಸೆದೆ.

ಅದಾದ ಮೂರು ತಿಂಗಳಿಗೆ ಭತ್ತದ ಸಸಿ ಮಡಿಯ ಹಂಗಾಮು ಬಂತು. ಆ ಹೊತ್ತಿನಲ್ಲಿ ಕಂಪ್ಲಿ ಕಡೆಯಿಂದ ಮೋಟಾರುಗಳು ಒಂದರ ಹಿಂದೆ ಒಂದು ಬರುತ್ತವೆ. ಅವನು ಒಂದೇ ದಿನ ಆರು ಮೋಟಾರು ಬಿಚ್ಚಿ, ಎಳೆ ಎಣಿಸಿ, ಆರು ಫೈಲು ಮಾಡಿಟ್ಟ. ಹಳೆಯ ಕಾಯಿಲುಗಳು ಗುಜರಿ ಮೂಟೆಗೆ ಹೋದವು. ಮರುದಿನ ಅಮಾವಾಸ್ಯೆ.

ಅಮಾವಾಸ್ಯೆ ದಿನ ನಮ್ಮ ಅಂಗಡಿಯಲ್ಲಿ ಹೊಸ ವೈಂಡಿಂಗಿಗೆ ಕೈ ಹಾಕುತ್ತಿರಲಿಲ್ಲ. ಆ ದಿನ ಸುತ್ತಿದ ಮೋಟಾರು ಬಾಳುವುದಿಲ್ಲ ಎಂದು ಸಾವ್ಕಾರರ ತಂದೆಯ ಕಾಲದಿಂದ ಬಂದ ನಂಬಿಕೆ. ಯಂತ್ರಗಳಿಗೆ ಪೂಜೆ, ಬಾಗಿಲಿಗೆ ನಿಂಬೆಹಣ್ಣು, ಕಾಯಿ ಒಡೆದು ಮನೆಗೆ. ಅವನು ಪೂಜೆಗೆ ನಿಲ್ಲುವವನಲ್ಲ. ಯಾರನ್ನೂ ಆಡಿಕೊಳ್ಳುವವನೂ ಅಲ್ಲ. ಆದ್ದರಿಂದ ಪ್ರತಿ ಅಮಾವಾಸ್ಯೆ ಅವನಿಗೆ ರಜೆ. ಪೂಜೆ ಮುಗಿಸಿ, ಬಾಗಿಲು ಹಾಕಿ, ಬೀಗ ಸಾವ್ಕಾರರ ಮನೆಗೆ ಮುಟ್ಟಿಸುವುದು ನನ್ನ ಪಾಳಿ.

ಹೋಗುವಾಗ ಅವನು ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ಬಿಟ್ಟಿದ್ದ. “ಯಾರರ ಬಂದು ಕೇಳಿದ್ರ ತಗದು ನೋಡಿ ಹೇಳ್ರಿ ಅಣ್ಣಾ. ಬೀಗಗೀಗ ಏನೂ ಹಾಕಿಲ್ಲ” ಎಂದಿದ್ದ. ಫೈಲು ತೆರೆಯುವುದನ್ನು, ತಿದ್ದುವುದನ್ನು, ಉಳಿಸುವುದನ್ನು ಅವನೇ ನನಗೆ ಕಲಿಸಿದ್ದ.

ಮಧ್ಯಾಹ್ನ ಹನ್ನೆರಡರ ಸುಮಾರು. ಸಾವ್ಕಾರರು ಮನೆಗೆ ಹೋಗಿದ್ದರು. ಕರ್ಪೂರದ ವಾಸನೆ ಇನ್ನೂ ಇತ್ತು. ನಾನು ಸ್ಟೂಲ್ ಎಳೆದು ಲ್ಯಾಪ್‌ಟಾಪ್ ಮುಂದೆ ಕೂತೆ. ಸುಮ್ಮನೆ ನೋಡೋಣ ಎಂದೇ ಕೂತದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆರು ಫೈಲಿನಲ್ಲಿ ಒಂದನ್ನು ತೆರೆದೆ. ಸುತ್ತು: 48. ನಾಲ್ಕನ್ನು ಅಳಿಸಿ ಮೂರು ಒತ್ತಿದೆ. ಮೂರು, ನಾಲ್ಕು ಪಕ್ಕಪಕ್ಕದ ಗುಂಡಿಗಳು. ಟೈಪು ಮಾಡುವಾಗ ಯಾರ ಬೆರಳಾದರೂ ಜಾರಬಹುದು. ಉಳಿಸಿ ಮುಚ್ಚಿದೆ. ಪುಸ್ತಕದಲ್ಲಾಗಿದ್ದರೆ ತಿದ್ದಿದ ಗಾಯ ಕಾಣುತ್ತಿತ್ತು. ಇಲ್ಲಿ 38 ಎಂಬುದು ಹುಟ್ಟಿದಾಗಿನಿಂದ ಹಾಗೇ ಇದ್ದಂತೆ ಕೂತಿತ್ತು. ಇದಕ್ಕೆ ಸಾಕ್ಷಿಯೇ ಇಲ್ಲವಲ್ಲ ಎಂದು ಒಳಗೊಳಗೇ ಸಂತೋಷಪಟ್ಟೆ. ಆಮೇಲೆ ಕೈ ತೊಳೆದು ಪ್ರಸಾದದ ಕಾಯಿ ತಿಂದೆ.

ಮರುದಿನ ಅವನು ಫೈಲು ನೋಡಿಕೊಂಡು ಕಾಯಿಲು ಸುತ್ತಿದ. ಆ ಮೋಟಾರಿನ ಸ್ಲಾಟಿಗೆ, ಅಂದರೆ ತಂತಿ ಕೂರುವ ಸೀಳಿಗೆ, ಕಾಯಿಲು ಇಳಿಸುವಾಗ ಅವನ ಕೈ ನಿಂತಿತು.

“ಅಣ್ಣಾ, ಒಂಚೂರು ಇಲ್ಲಿ ನೋಡ್ರಿ. ಸ್ಲಾಟ್ ಸಡಲ ಅನಸ್ತೈತಿ.”

ನಾನು ಹೋಗಿ ಬೆರಳಿಟ್ಟು ನೋಡಿದೆ. ಸಡಿಲವೇ ಇತ್ತು. ಹತ್ತು ಸುತ್ತು ಕಡಿಮೆಯಾದರೆ ಇರದೆ ಏನು.

“ನಿನ್ನ ಫೈಲ್ ಏನಂತೈತಿ?” ಎಂದೆ.

“ಮೂವತ್ತೆಂಟು ಅಂತೈತ್ರಿ. ನಂಗ್ಯಾಕೋ ಜಾಸ್ತಿ ಇತ್ತು ಅನಸ್ತೈತಿ. ಆರು ಒಮ್ಮೆಗೇ ಬಿಚ್ಚೀನಿ, ನೆನಪಿಲ್ಲ.”

“ಹಂಗಾರ ಫೈಲ್ ಸುಳ್ಳು ಹೇಳ್ತೈತೇನು? ತಲಿ ಮರಿತೈತಿ, ಅಕ್ಷರ ಮರಿಯಂಗಿಲ್ಲ ಅಂತ ನೀನ ಹೇಳ್ತಿದ್ದೆಲ್ಲ?”

ಅವನು ನಕ್ಕು ತಲೆ ತಗ್ಗಿಸಿ ಕಾಯಿಲು ಇಳಿಸಿದ. ಆ ನಗುವಿನಲ್ಲಿ ನನ್ನ ಮೇಲೆ ಪೂರ್ತಿ ನಂಬಿಕೆಯಿತ್ತು.

ಟೆಸ್ಟಿಂಗ್ ನನ್ನ ಕೈಯಲ್ಲಿತ್ತು. ವಾರ್ನಿಷ್ ಒಣಗಿದ ಮೇಲೆ ಕರೆಂಟ್ ಕೊಟ್ಟು, ಮೋಟಾರು ಖಾಲಿ ತಿರುಗುವಾಗ ಎಷ್ಟು ಕರೆಂಟ್ ಎಳೆಯುತ್ತದೆಂದು ಅಳೆಯಬೇಕು. ಅದು ಎಳೆಯಬೇಕಾದ್ದಕ್ಕಿಂತ ಬಹಳ ಹೆಚ್ಚು ಎಳೆಯಿತು. ಅವನು ಆ ಕಡೆ ಬೇರೆ ಕೆಲಸದಲ್ಲಿದ್ದ. “ಸರಿ ಐತಿ, ಕಳಸು” ಎಂದೆ. ತಡೆಯಲು ನನಗೆ ಸಿಕ್ಕ ಅವಕಾಶಗಳನ್ನು ಈಗ ಎಣಿಸಿಕೊಳ್ಳುತ್ತೇನೆ. ಸ್ಲಾಟಿಗೆ ಬೆರಳಿಟ್ಟಾಗ ಒಂದು, ಆ ಮೀಟರು ನೋಡಿದಾಗ ಇನ್ನೊಂದು. ಎರಡನ್ನೂ ಗೊತ್ತಿದ್ದೇ ಬಿಟ್ಟೆ.

ಮೋಟಾರು ಕಂಪ್ಲಿ ಹತ್ತಿರದ ಒಬ್ಬ ಹೆಣ್ಣುಮಗಳದು. ಗಂಡಸರಿಗಿಂತ ಚೆನ್ನಾಗಿ ಬೇಸಾಯ ಮಾಡುವವಳು. ತನ್ನ ಹೊಲಕ್ಕಷ್ಟೇ ಅಲ್ಲದೆ ಸುತ್ತಿನ ನಾಲ್ಕು ಮನೆಗೆ ಸಸಿ ಬೆಳೆಸಿ ಕೊಡುತ್ತಿದ್ದಳು. ಮೂರನೆಯ ದಿನ ಟ್ರ್ಯಾಕ್ಟರಿನಲ್ಲಿ ಮೋಟಾರು ಹಾಕಿಸಿಕೊಂಡು ಬಂದು ಅಂಗಡಿಯ ಮುಂದೆ ನಿಂತಳು. ಸುಟ್ಟ ವಾಸನೆ ನಮಗೆ ಒಳಗೇ ಬಡಿಯಿತು.

“ಎಲ್ರೀ ಆ ಕಂಪೂಟರ್ ಮೇಸ್ತ್ರಿ? ಬರ್ರಿ ಹೊರಗ! ಕಾಯಿಲು ನೀವು ಸುತ್ತೀರೋ, ಆ ಡಬ್ಬಿ ಸುತ್ತೈತೋ?”

“ಯವ್ವಾ, ಏನಾತು...” ಎಂದು ಅವನು ಓಡಿ ಹೋದ.

“ಏನಾತು ಅಂತ ನನ್ನ ಕೇಳ್ತೀರಾ? ಎರಡು ದಿನ ಸಸಿಗೆ ನೀರಿಲ್ಲ. ಒಂದು ಮಗ್ಗಲು ಹಳದಿ ತಿರಗೈತಿ. ನಾಕು ಮನಿಗೆ ಏನ್ ಹೇಳ್ಲಿ, ಕಂಪೂಟರ್‌ಗೆ ಜ್ವರ ಬಂದಿತ್ತು ಅಂತ ಹೇಳ್ಲೇನು? ಆ ಹಿರೇ ಮೇಸ್ತ್ರಿ ಸುತ್ತಿದ್ದಾಗ ಐದು ವರ್ಷ ಕೆಟ್ಟಿಲ್ಲ ಇದು!”

ಹಿರೇ ಮೇಸ್ತ್ರಿ ಎಂದರೆ ನಾನು. ಆ ಮಾತಿಗೆ ನನ್ನ ಎದೆ ಒಂದು ಕ್ಷಣ ಉಬ್ಬಿತು ಎಂದರೆ ನೀವು ನಂಬಬೇಕು. ಹೊರಗೆ ಆ ಹೆಣ್ಣುಮಗಳ ಸಸಿ ಒಣಗಿದ ಸಂಕಟ, ಒಳಗೆ ನಾನು ಹೊಗಳಿಕೆ ಚಪ್ಪರಿಸುತ್ತಿದ್ದೆ.

ಮೋಟಾರು ಬಿಚ್ಚಿ ನೋಡಿದರೆ ಸುತ್ತು ಕಡಿಮೆಯಾಗಿತ್ತು. ಸಾವ್ಕಾರರು ಕೇಳಿದ್ದಕ್ಕೆ ಅವನು, “ಟೈಪ್ ಮಾಡಾಗ ನಂದ ತಪ್ಪಾಗೈತ್ರಿ” ಎಂದ. ಸಾವ್ಕಾರರು ಕೂಗಾಡಲಿಲ್ಲ. “ನಾಳಿಯಿಂದ ಆ ಡಬ್ಬಿ ಇಲ್ಲಿಗೆ ತರಬ್ಯಾಡ. ಏನರ ಬೇಕಾದ್ರ ಮೇಸ್ತ್ರಿನ ಕೇಳು” ಎಂದಷ್ಟೇ ಹೇಳಿ ಗಲ್ಲಾಕ್ಕೆ ಹೋದರು. ನಾನು ಬಯಸಿದ್ದೆಲ್ಲ ಆ ಎರಡು ಮಾತಿನಲ್ಲಿ ಬಂದುಬಿಟ್ಟಿತು.

ಅವನು ಆ ದಿನವೇ ಕೂತು ಮೋಟಾರು ಮತ್ತೆ ಸುತ್ತಿದ. ಈ ಸಲ ನನ್ನನ್ನು ಕೇಳಿದ. ನಲವತ್ತೆಂಟು ಎಂದೆ. ಬೆಳಿಗ್ಗೆ ತಾನೇ ಕಂಪ್ಲಿಗೆ ಹೋಗಿ ಇಳಿಸಿ, ಮಡಿಗೆ ನೀರು ಹರಿದು ತುದಿ ಮುಟ್ಟುವವರೆಗೆ ಅಲ್ಲೇ ಬದುವಿನ ಮೇಲೆ ಕೂತಿದ್ದನಂತೆ. ಅರ್ಧ ಸಸಿ ಉಳಿಯಿತು.

ಅಲ್ಲಿಂದ ಬಂದ ಮಧ್ಯಾಹ್ನ, ಲ್ಯಾಪ್‌ಟಾಪನ್ನು ಮನೆಗೆ ಒಯ್ಯುವ ಮೊದಲು, ಕೊನೆಯ ಸಲ ತೆರೆದು ಕೂತ. ಬುತ್ತಿ ಬಿಚ್ಚಿರಲಿಲ್ಲ. ಬಹಳ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಅಣ್ಣಾ, ಅಮಾಸಿ ದಿನ ಅಂಗಡ್ಯಾಗ ನೀವೊಬ್ಬರ ಇದ್ರೇನ್ರಿ?”

“ಹೂಂ. ಸಾವ್ಕಾರ್ರು ಪೂಜಿ ಮುಗಿಸಿ ಹೋದ್ರು. ಯಾಕ?”

“ಏನಿಲ್ರಿ. ಬ್ಯಾರೆ ಯಾರರ ಬಂದಿದ್ರೇನು ಅಂತ.”

“ಯಾರೂ ಬಂದಿಲ್ಲ” ಎಂದೆ, ಧೈರ್ಯವಾಗಿ. ಈ ಪ್ರಶ್ನೆ ಯಾಕೆ ಕೇಳಿದ ಎಂದು ನನಗೆ ಹೊಳೆಯಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಏನೋ ಕಾಯುವವನಂತೆ. ಆಮೇಲೆ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿ, “ಊಟ ಮಾಡ್ರಿ ಅಣ್ಣಾ” ಎಂದ.

ಒಂದು ವರ್ಷ ಅವನು ಪ್ರತಿಯೊಂದಕ್ಕೂ ನನ್ನನ್ನು ಕೇಳಿದ. ಎಷ್ಟು ಸುತ್ತು, ಯಾವ ಗೇಜು. ನಾನು ಹೇಳಿದೆ. ಎಷ್ಟೋ ಸಲ ಖಾತ್ರಿಯಿಲ್ಲದೆಯೂ ಹೇಳಿದೆ. ಅವನು ಮರುಮಾತಿಲ್ಲದೆ ಸುತ್ತಿದ. ಕೇಳುವಾಗ ಮಾತ್ರ ಮೊದಲಿನಂತೆ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಬೇಕೆಂದದ್ದು ಸಿಕ್ಕಿತ್ತು, ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಈಗ ಅವನ ಸುಮ್ಮನಿರುವಿಕೆಯನ್ನು ಕಂಡು ಉರಿಯತೊಡಗಿತು. ಆಮೇಲೆ ಅವನು ಕೆಲಸ ಬಿಟ್ಟು ಸಂಡೂರಿನಲ್ಲಿ ಸ್ವಂತ ಅಂಗಡಿ ಇಟ್ಟನೆಂದು ಕೇಳಿದೆ. ದೋಣಿಮಲೈ ಗಣಿಯ ಕ್ವಾರ್ಟರ್ಸಿನ ಜನ ಕೂಡ ಮಿಕ್ಸರ್, ಫ್ಯಾನು ಎಂದು ಅಲ್ಲಿಗೇ ಹೋಗುತ್ತಾರಂತೆ ಎಂದು ಯಾರೋ ಹೇಳಿದಾಗ, “ಹೋಗ್ಲಿ ಬಿಡು” ಎಂದು ಎದ್ದು ಬಂದೆ.

ಅಷ್ಟೂ ವರ್ಷ ನನ್ನ ಗುಟ್ಟು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಹೋದ ವರ್ಷ ನನ್ನ ತಲೆಯ ಗೋಡೌನು ಸೋರತೊಡಗಿತು. ಗುಳಿಗೆ ನುಂಗಿದೆನೋ ಇಲ್ಲವೋ ತಿಳಿಯದೆ ಒಂದೇ ದಿನ ಎರಡು ಸಲ ನುಂಗಿ, ಚಕ್ಕರ್ ಬಂದು ಬಚ್ಚಲಲ್ಲಿ ಬಿದ್ದೆ. ಎಲ್ಲ ಬರೆದಿಡಿ ಎಂದರು ಡಾಕ್ಟರು. ಶಾಲೆಯಲ್ಲಿ ಟೀಚರಾಗಿರುವ ಸೊಸೆ ತನ್ನ ಹಳೆಯ ಕಂಪ್ಯೂಟರನ್ನು ನನ್ನ ಕೋಣೆಗೆ ತಂದಿಟ್ಟು, ನೆನಪು ಮಾಡಿಕೊಡುವ ಯಾವುದೋ ಆ್ಯಪ್ ಹಾಕಿಕೊಡುತ್ತೇನೆ ಎಂದಳು. “ಬ್ಯಾಡವಾ. ಬರೇ ಅಕ್ಷರದ ಫೈಲು ಸಾಕು” ಎಂದು ನಾನೇ ಕೂತು ‘ಇವತ್ತು’, ‘ಬಾಕಿ’, ‘ಮುಗಿದದ್ದು’ ಮಾಡಿದೆ. ಅವಳು ಬೆಪ್ಪಾಗಿ ನೋಡಿ, “ಮಾವಾ, ಇದನ್ನ ಎಲ್ಲಿ ಕಲ್ತ್ರಿ?” ಎಂದಳು. ನಾನು ಆ ದಿನದ ಗುಳಿಗೆಯ ಸಾಲು ಟೈಪು ಮಾಡತೊಡಗಿದೆ.

ಕೆಲವು ದಿನಗಳ ಮೇಲೆ, ನಿನ್ನೆ ಯಾವ ಫೈಲಿನಲ್ಲಿ ಬರೆದೆ ಎಂಬುದೇ ಮರೆತು ಅವಳನ್ನು ಕರೆದೆ. ಅವಳು ಫೈಲುಗಳ ಹೆಸರಿನ ಪಕ್ಕ ಬೆರಳಿಟ್ಟು ತೋರಿಸಿದಳು.

“ಇಲ್ಲಿ ನೋಡ್ರಿ ಮಾವಾ. ಯಾವ ಫೈಲು ಕೊನೇ ಸಲ ಯಾವತ್ತು, ಎಷ್ಟು ಗಂಟೆಗೆ ತಿದ್ದೀರಿ ಅಂತ ತಾನ ಬರಕೊಂಡಿರ್ತೈತಿ.”

“ಎಲ್ಲಾ ಕಂಪ್ಯೂಟರಿನ್ಯಾಗೂ?”

“ಎಲ್ಲಾದ್ರಾಗೂ.”

“ಹಳೇ ಕಂಪ್ಯೂಟರಿನ್ಯಾಗೂ?”

“ಮೊದ್ಲಿಂದಲೂ ಐತ್ರಿ ಮಾವಾ. ಯಾಕ, ಬೆವರಾಕ ಹತ್ತೀರಿ?”

ತಾರೀಖು. ಗಂಟೆ. ಅಮಾವಾಸ್ಯೆ ಮಧ್ಯಾಹ್ನ ಹನ್ನೆರಡು. ಅವನಿಗೆ ರಜೆ ಇರುವ ದಿನ, ಅಂಗಡಿಯಲ್ಲಿ ನಾನೊಬ್ಬನೇ ಇರುವ ದಿನ. ಉಳಿದ ದಿನಗಳನ್ನೆಲ್ಲ ಬಿಟ್ಟು ಆ ದಿನವನ್ನೇ ಆರಿಸಿದ್ದೆ. ಯಾರೂ ಬಂದಿಲ್ಲ ಎಂದು ಬೇರೆ ನನ್ನ ಬಾಯಿಂದಲೇ ಹೇಳಿದ್ದೆ. ಅವನು ಅಂದೇ ತಿಳಿದಿದ್ದ. ತಿಳಿದೂ ನನ್ನ ಮುಖ ನೋಡುತ್ತ ಕಾದಿದ್ದ. ಆಮೇಲೆ ಒಂದು ವರ್ಷ, ದಿನಾ ನನ್ನ ಬಳಿ ಬಂದು “ಎಷ್ಟು ಸುತ್ತು ಅಣ್ಣಾ” ಎಂದು ಕೇಳಿದ್ದ. ಹಾಗೆ ಕೇಳಿದಾಗಲೆಲ್ಲ ಅವನು ನನಗೆ ಬಾಗಿಲು ತೆರೆದು ನಿಂತಿದ್ದನೇನೋ.

ಅವತ್ತೇ ‘ಬಾಕಿ’ಯಲ್ಲಿ ಆ ಸಾಲು ಬರೆದೆ. ಮೊಣಕಾಲು ನೋವು, ಬಿಸಿಲು, ಬಸ್ಸಿನ ರಶ್ಶು ಎಂದು ನಾಲ್ಕು ತಿಂಗಳು ನೂಕಿದೆ. ಒಂದು ಬೆಳಿಗ್ಗೆ ಎದ್ದಾಗ ಅವನ ಮುಖ ನೆನಪಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹೆದರಿಕೆಯಾಯಿತು. ಮಾಡಿದ್ದನ್ನು ಹೇಳುವ ಮೊದಲೇ ಮರೆತುಬಿಟ್ಟರೆ? ಆ ದಿನವೇ ಸಂಡೂರು ಬಸ್ಸು ಹತ್ತಿದೆ. ಅದಿರು ಲಾರಿಗಳ ಹಿಂದೆ ಬಸ್ಸು ತೆವಳಿತು. ಹೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟಿದ್ದೆ.

ಅಂಗಡಿ ಬಸ್ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಮುಂದೆ ನಾಲ್ಕು ಮೋಟಾರು, ಪ್ರತಿಯೊಂದಕ್ಕೂ ಕಟ್ಟಿದ ಚೀಟಿ. ಒಳಗೆ ಬುದ್ಧನ ಚಿಕ್ಕ ಫೋಟೋ, ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಹಾಸಿದ ಬನಿಯನ್ನು, ಹೊಸ ಲ್ಯಾಪ್‌ಟಾಪ್. ಎಲ್ಲ ಎಷ್ಟು ಒಪ್ಪವಾಗಿತ್ತೆಂದರೆ, ತಪ್ಪೊಪ್ಪಿಕೊಳ್ಳಲು ಹೋದವನಿಗೆ ಮೊದಲು ಚುರ್ ಎಂದದ್ದು ಹೊಟ್ಟೆ.

ಅವನ ಕೂದಲೂ ನರೆತಿತ್ತು. “ಅಣ್ಣಾ!” ಎಂದು ಎದ್ದು ನಿಂತ. “ಬರ್ರಿ, ಕುಂದ್ರಿ. ಬಿಸಲಾಗ ಯಾಕ ಬಂದ್ರಿ?”

ಕೂರಲಿಲ್ಲ. ಚೀಟಿ ತೆಗೆದೆ, ಕನ್ನಡಕ ಮರೆತು ಬಂದಿದ್ದೆ. ನಿಂತೇ ಹೇಳಿದೆ. “ತಮ್ಮಾ, ಆ ಕಂಪ್ಲಿ ಮೋಟಾರು. ನಲವತ್ತೆಂಟನ್ನ ಮೂವತ್ತೆಂಟು ಮಾಡಿದ್ದು ನಾನು. ಟೆಸ್ಟಿಂಗಿನ್ಯಾಗ ಗೊತ್ತಾದ್ರೂ ಸುಮ್ಮನಿದ್ದೆ. ನಿನ್ನ ಮ್ಯಾಲೆ ಹೊಟ್ಟಿಕಿಚ್ಚಿತ್ತು. ಬ್ಯಾರೆ ಏನೂ ಕಾರಣ ಇಲ್ಲ.”

ಅವನು ಕಟ್ಟೆಯ ಕಡೆ ತಿರುಗಿದ. ಲ್ಯಾಪ್‌ಟಾಪ್ ತೆರೆದ. ಗುಂಡಿಗಳನ್ನು ಒಂದು ಕೈಯಿಂದ ಮರೆಮಾಡಿಕೊಂಡು ಪಾಸ್‌ವರ್ಡ್ ಒತ್ತಿದ. ಆಗಿನ ಲ್ಯಾಪ್‌ಟಾಪಿಗೆ ಬೀಗವಿರಲಿಲ್ಲ. ಈ ಬೀಗ ನಾನು ಕಲಿಸಿದ್ದು. ಹಳೆಯ ಲ್ಯಾಪ್‌ಟಾಪಿನಿಂದ ಸಾಗಿಸಿ ತಂದ ಫೈಲುಗಳ ಸಾಲಿನಲ್ಲಿ ಕೆಳಗೆ, ಇನ್ನೂ ಕೆಳಗೆ ಹೋಗಿ ಒಂದರ ಮೇಲೆ ನಿಂತ. ಬಗ್ಗಿ ನೋಡಿದೆ. ಪಕ್ಕದಲ್ಲಿ ಆ ಅಮಾವಾಸ್ಯೆಯ ತಾರೀಖು, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ.

“ಇದನ್ನ ನಾ ಮುಟ್ಟಿಲ್ರಿ” ಎಂದ. “ಸರಿ ಲೆಕ್ಕಕ್ಕ ಬ್ಯಾರೆ ಫೈಲ್ ಮಾಡಿದೆ. ಇದನ್ನ ತಿದ್ದಿದ್ರ ತಾರೀಖು ಬದಲಾಗ್ತಿತ್ತು.”

“ಸಾವ್ಕಾರ್ರಿಗೆ ಯಾಕ ತೋರಸ್ಲಿಲ್ಲ?”

“ತೋರಸಬೇಕು ಅಂತ ಬಾಕಿಯಾಗ ಬರದಿದ್ದೆ. ದಿನಾ ನೋಡ್ತಿದ್ದೆ. ನೀವ ಹೇಳ್ತೀರಿ ಅಂತ ಒಂದು ವರ್ಷ ನೋಡಿದೆ.” ಕಟ್ಟೆಯ ಮೇಲಿನ ಬನಿಯನ್ನಿನ ಮಡಿಕೆ ಸರಿಮಾಡಿದ. “ಆ ಯವ್ವ ಇವತ್ತಿಗೂ ನನ್ನ ಅಂಗಡಿಗೆ ಮೋಟಾರು ಕಳಸಂಗಿಲ್ಲ ಅಣ್ಣಾ. ಅದು ಭಾಳ ಬ್ಯಾಸರ ಆಗೈತಿ ನಂಗ.”

“ನಾ ಕಂಪ್ಲಿಗೆ ಹೋಗಿ ಹೇಳ್ತೀನಿ” ಎಂದೆ. ಆ ಮಾತು ನನ್ನ ಚೀಟಿಯಲ್ಲಿರಲಿಲ್ಲ.

ಅವನು ಆಗಲಿ ಎಂದು ತಲೆಯಾಡಿಸಿದ. ಆಮೇಲೆ ಫೈಲನ್ನು ತೆರೆದು, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. “ನೀವ ತಿದ್ರಿ.”

“ತಿದ್ದಿದ್ರ ತಾರೀಖು ಹೋಗ್ತೈತಿ.”

“ಹೋಗ್ಲಿ ಬಿಡ್ರಿ. ಅದನ್ನ ಕಾಯ್ಕೊಂಡು ಕುಂತು ನನಗೂ ಸಾಕಾಗೈತಿ.”

ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮೂರನ್ನು ಅಳಿಸಿ ನಾಲ್ಕು ಒತ್ತಿದೆ. ಆದರೆ ಹಾಗೇ ಬಿಟ್ಟರೆ ನಾನು ಮಾಡಿದ್ದು ಎಲ್ಲಿಯೂ ಉಳಿಯುವುದಿಲ್ಲ. ಮುಗಿದದ್ದನ್ನು ಅಳಿಸಬಾರದು ಎಂಬುದು ಅವನದೇ ನಿಯಮವಲ್ಲವೇ. ಕೆಳಗೆ ಒಂದು ಸಾಲು ಸೇರಿಸಿದೆ. “ಅಮಾವಾಸ್ಯೆ ದಿನ ಇದನ್ನು 38 ಮಾಡಿದವನು ಹೊಸಪೇಟೆಯ ಹಿರೇ ಮೇಸ್ತ್ರಿ. ವಡ್ಡಿನವನದು ತಪ್ಪಿಲ್ಲ.” ಉಳಿಸಿದೆ. ತಾರೀಖು ಇವತ್ತಿನದಾಯಿತು. ಅವನು ಓದಿದ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಅಷ್ಟರಲ್ಲಿ ಹೊರಗೆ ಆಟೋ ನಿಂತು ಯಾರೋ ಮೋಟಾರು ಇಳಿಸತೊಡಗಿದರು. “ನೆನಪೈತೇನ್ರಿ ನಮ್ಮದು?” ಎಂಬ ದನಿ ಕೇಳಿತು. ಎಷ್ಟೋ ವರ್ಷ ನನ್ನನ್ನು ಕೇಳುತ್ತಿದ್ದ ಅದೇ ಮಾತು. ಹೊಟ್ಟೆಯೊಳಗೆ ಮತ್ತೆ ಆ ಹಳೆಯ ಚಿವುಟು. ಮುಚ್ಚಿಡಲಿಲ್ಲ. “ತಮ್ಮಾ, ಈಗ್ಲೂ ಉರೀತೈತಿ ನೋಡು” ಎಂದೆ.

ಆ ದಿನ ಅವನು ಮೊದಲ ಸಲ ನಕ್ಕ. “ಹಂಗಾರ ಇನ್ನೂ ಗಟ್ಟಿ ಅದೀರಿ ಬಿಡ್ರಿ” ಎಂದು ಹೊರಗೆ ಹೋದ.

ಲ್ಯಾಪ್‌ಟಾಪ್ ನನ್ನ ಮುಂದೆ ತೆರೆದೇ ಇತ್ತು, ಬೀಗವಿಲ್ಲದೆ. ನಾನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊರಗಿನಿಂದ ಅವನು ಕೂಗಿದ.

“ಅಣ್ಣಾ, ವಡ್ಡು ಅಂತ ಇರೋ ಫೈಲು, ಹೋದ ವರ್ಷದ್ದು. ತಗದು ಸುತ್ತು ಎಷ್ಟೈತಿ ಓದ್ರಿ.”

ಹುಡುಕಿ ತೆಗೆದೆ. ಅಂಕಿಯ ಕೆಳಗೆ ಬೆರಳಿಟ್ಟೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಮತ್ತೆ ನೋಡಿದೆ.

“ನಲವತ್ತೆರಡು” ಎಂದು ಕೂಗಿದೆ. ಇನ್ನೊಮ್ಮೆ ಬೆರಳಿಟ್ಟು ನೋಡಿ, ಮತ್ತೆ ಕೂಗಿದೆ, “ನಲವತ್ತೆರಡು ಐತಿ.”

“ನಲವತ್ತೆರಡು” ಎಂದು ಅವನು ಹೊರಗೆ ಆ ರೈತನಿಗೆ ಹೇಳುವುದು ಕೇಳಿಸಿತು.